ಬಡ್ಡಿ ಬರುತ್ತಿದೆ, ಕೈ ಬರುತ್ತಿಲ್ಲ

ಪ್ರಶ್ನೆ (ಡೊಂಬಿವಲಿಯಿಂದ):

ಮೇಡಂ ನಮಸ್ಕಾರ. ಈ ಗುಂಪಿನಲ್ಲಿ ನೀವು ನಿವೃತ್ತರ ಹಣದ ವಿಷಯಕ್ಕೆ ಉತ್ತರ ಕೊಡುತ್ತೀರಿ ಅಂತ ಗೊತ್ತು. ನನ್ನದು ಸ್ವಲ್ಪ ವಿಚಿತ್ರ ಪ್ರಶ್ನೆ. ಹಣ ಸಾಲದು ಅಂತ ಅಲ್ಲ. ಖರ್ಚು ಮಾಡಲು ಕೈ ಬರುವುದಿಲ್ಲ.

ವಯಸ್ಸು 68, ಹೆಂಡತಿಗೆ 64. ಊರು ಕುಂದಾಪುರದ ಹತ್ತಿರ. 1973ರಲ್ಲಿ ಮುಂಬೈಗೆ ಬಂದೆ. ಹಗಲು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಸಂಬಳ 40 ರೂಪಾಯಿ, ಅದರಲ್ಲಿ 30 ಊರಿಗೆ ಮನಿಯಾರ್ಡರ್. 1981ರಲ್ಲಿ ಸರ್ಕಾರಿ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. 36 ವರ್ಷ ಬೇರೆಯವರ ದುಡ್ಡು ಎಣಿಸಿದೆ.

ಮನೆ ಸ್ವಂತದ್ದು, ಸಾಲ ಇಲ್ಲ. ಮಕ್ಕಳಿಬ್ಬರೂ ಅವರವರ ಕಾಲ ಮೇಲೆ ನಿಂತಿದ್ದಾರೆ. ಪೆನ್ಷನ್ 31 ಸಾವಿರ, ತಿಂಗಳ ಖರ್ಚು 27 ಸಾವಿರ. ಎಫ್‌ಡಿ 62 ಲಕ್ಷ, ಎಲ್ಲವೂ ಕ್ಯುಮ್ಯುಲೇಟಿವ್, ಅಂದರೆ ಬಡ್ಡಿ ಕೈಗೆ ಬರದೆ ಅಸಲಿಗೇ ಸೇರುವಂಥದ್ದು. ಪಿಪಿಎಫ್ 18 ಲಕ್ಷ. ನಿವೃತ್ತಿಯಾಗಿ ಎಂಟು ವರ್ಷವಾಯಿತು, ಬಡ್ಡಿಯ ಒಂದು ಪೈಸೆ ಮುಟ್ಟಿಲ್ಲ. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತಲ್ಲ, ಅಲ್ಲಿಂದ ಊರಿಗೆ ಹೋಗುವುದನ್ನೂ ಕಡಿಮೆ ಮಾಡಿದೆ.

ಕಳೆದ ತಿಂಗಳು ದಾದರ್‌ನಲ್ಲಿ ಒಂದು ಮದುವೆ ಮುಗಿಸಿ ರಾತ್ರಿ ಸ್ಟೇಷನ್‌ನಲ್ಲಿ ಇಳಿದೆವು. ಶೇರ್ ರಿಕ್ಷಾದ ಕ್ಯೂ ಉದ್ದ ಇತ್ತು. ಬೇರೆ ರಿಕ್ಷಾ ಮಾಡೋಣ ಅಂದಳು ಹೆಂಡತಿ. ನಾನು ಸುಮ್ನೆ ಕ್ಯೂನಲ್ಲಿ ನಿಂತೆ. ಅವಳಿಗೆ ಮಂಡಿ ನೋವು. ಇಪ್ಪತ್ತು ನಿಮಿಷ ಆದ ಮೇಲೆ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ರೇಷ್ಮೆ ಸೀರೆಯಲ್ಲಿ. ನನ್ನ ಜೇಬಿನಲ್ಲಿ ಆಗ ನಾಲ್ಕು ಸಾವಿರ ಇತ್ತು.

ಅವಳು ಬೈಯಲಿಲ್ಲ. ಅದೇ ನನಗೆ ಚುಚ್ಚುತ್ತಿದೆ. ಇದಕ್ಕೆ ಏನಾದರೂ ಮದ್ದು ಇದೆಯಾ?

ಉತ್ತರ (ಸಲಹೆಗಾರ್ತಿ, ಮುಲುಂಡ್):

ನಮಸ್ಕಾರ ಸರ್. ಮೊದಲು ಒಂದು ಮಾತು. ನಿಮ್ಮನ್ನು ಜಿಪುಣ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. 40 ರೂಪಾಯಿಯಲ್ಲಿ 30 ಊರಿಗೆ ಕಳಿಸಿದವರು ಜಿಪುಣರಲ್ಲ. ಆ ಹತ್ತು ರೂಪಾಯಿಯ ಲೆಕ್ಕ ಇನ್ನೂ ತಲೆಯಲ್ಲಿ ಓಡುತ್ತಿದೆ, ಅಷ್ಟೇ.

"ಧಾರಾಳವಾಗಿ ಖರ್ಚು ಮಾಡಿ, ಜೀವನ ಅನುಭವಿಸಿ" ಅಂತ ಹೇಳಿದರೆ ನಿಮ್ಮಿಂದ ಆಗುವುದಿಲ್ಲ. ಹತ್ತಾರು ನಿವೃತ್ತರನ್ನು ನೋಡಿದ್ದೇನೆ, ಆ ಮಾತು ಯಾರಿಗೂ ಹತ್ತಿಲ್ಲ. ಮಕ್ಕಳು ಹೇಳಿ ಹೇಳಿ ಸೋತಿರುತ್ತಾರೆ. ನಿಮಗೆ ದುಡ್ಡು ಹಾಳಾಗುವುದು ಕಂಡರೆ ಆಗದು. ಹಾಗಾದರೆ ಖರ್ಚು ಮಾಡದೆ ಇದ್ದರೇ ದುಡ್ಡು ಹಾಳು ಅನ್ನಿಸುವ ಹಾಗೆ ಏರ್ಪಾಡು ಮಾಡೋಣ. ಸ್ವಭಾವ ಅದೇ ಇರಲಿ, ಮುಖ ಮಾತ್ರ ಬೇರೆ ಕಡೆ ತಿರುಗಲಿ.

ಅದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಸಾಧನ ಇದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ, ಪೋಸ್ಟ್ ಆಫೀಸಿನಲ್ಲೂ ಬ್ಯಾಂಕಿನಲ್ಲೂ ಸಿಗುವಂಥದ್ದು. ನಿಮಗೆ ಗೊತ್ತೇ ಇರುತ್ತದೆ, ಕೌಂಟರ್‌ನಲ್ಲಿ ಕೂತು ಎಷ್ಟು ಜನರಿಗೆ ತೆರೆದುಕೊಟ್ಟಿರುತ್ತೀರೋ! ನೀವೇ ಯಾಕೆ ಹಾಕಲಿಲ್ಲ ಅಂತಲೂ ಊಹಿಸಬಲ್ಲೆ. ಅದರಲ್ಲಿ ಬಡ್ಡಿಗೆ ಬಡ್ಡಿ ಇಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಹೊರಗೆ ಬರುತ್ತದೆ. ತೆಗೆದುಕೊಳ್ಳದೆ ಬಿಟ್ಟರೆ ಅದು ಅಲ್ಲೇ ಸುಮ್ನೆ ಮಲಗಿರುತ್ತದೆ, ಒಂದು ರೂಪಾಯಿಯೂ ಬೆಳೆಯುವುದಿಲ್ಲ. ಬೇರೆಯವರು ಇದನ್ನು ಕೊರತೆ ಅನ್ನುತ್ತಾರೆ. ನಿಮ್ಮ ಪಾಲಿಗೆ ಇದೇ ಮದ್ದು.

2023ರ ಏಪ್ರಿಲ್‌ನಿಂದ ಇದರಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ಆಗ ಬಂದ 8.2 ಪರ್ಸೆಂಟ್ ದರದಲ್ಲಿ ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 61,500 ರೂಪಾಯಿ. ಖಾತೆ ತೆರೆದ ದಿನದ ದರ ಐದು ವರ್ಷ ಹಾಗೇ ಇರುತ್ತದೆ. ಬಡ್ಡಿ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಮೊದಲಲ್ಲಿ. ಒಮ್ಮೆ ಕ್ಯಾಲೆಂಡರ್ ನೋಡಿ. ಏಪ್ರಿಲ್‌ನಲ್ಲಿ ಹಾಪೂಸ್ ಮಾವು ಬರುತ್ತದೆ, ಅಕ್ಟೋಬರ್ ಅಂದರೆ ದಸರಾ ದೀಪಾವಳಿಯ ಆಸುಪಾಸು, ಜನವರಿಯಲ್ಲಿ ಸಂಕ್ರಾಂತಿ. ಜುಲೈಯಲ್ಲಿ ಮಳೆ, ಆ ಸಲದ್ದು ಮನೆಯ ಸೋರುವ ಗೋಡೆಗೆ ಹೋದರೂ ಬೇಜಾರಿಲ್ಲ.

ಇರುವ ಎಫ್‌ಡಿ ಮುರಿಯಬೇಡಿ, ದಂಡ ಬೀಳುತ್ತದೆ, ನಿಮಗೆ ನಿದ್ದೆಯೂ ಬರುವುದಿಲ್ಲ. ಅವಧಿ ಮುಗಿದ ಹಾಗೆ ಒಂದೊಂದಾಗಿ ಈ ಕಡೆ ತನ್ನಿ. ನಿವೃತ್ತ ಸಿಬ್ಬಂದಿ ಅಂತ ನಿಮ್ಮ ಬ್ಯಾಂಕ್ ಬಡ್ಡಿ ಜಾಸ್ತಿ ಕೊಡುತ್ತಿದ್ದರೆ ಅಲ್ಲಿನ ದುಡ್ಡು ಅಲ್ಲೇ ಇರಲಿ. ಆದರೆ ಕ್ಯುಮ್ಯುಲೇಟಿವ್ ಬೇಡ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುವ ಹಾಗೆ ಮಾಡಿಸಿ.

ಆ ಬಡ್ಡಿ ನಿಮ್ಮ ಪೆನ್ಷನ್ ಖಾತೆಗೆ ಬರಕೂಡದು. ಇದು ಮುಖ್ಯ. ಬಂದರೆ ಬ್ಯಾಲೆನ್ಸ್ ಮೇಲೇರುತ್ತದೆ, ನಿಮಗೆ ಖುಷಿಯಾಗುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ನಿಮ್ಮ ಹೆಂಡತಿ, ಅಂದರೆ ನಮ್ಮ ಅತ್ತಿಗೆಯವರ ಹೆಸರಿನ ಉಳಿತಾಯ ಖಾತೆಗೆ ಅದು ತಾನಾಗಿಯೇ ಹೋಗುವ ಹಾಗೆ ಸೂಚನೆ ಬರೆದುಕೊಡಿ. ಪಾಸ್‌ಬುಕ್ ಅವರ ಕೈಯಲ್ಲಿರಲಿ. ನೀವು ನೋಡಬೇಡಿ.

ಪಿಂಪ್ರಿಯಿಂದ ಒಬ್ಬರು:

ಮೇಡಂ, ಹೇಳುವುದು ಸುಲಭ. ನನ್ನ ಭಾವ ಪುಣೆಯ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು, ಒಂಬತ್ತು ಲಕ್ಷ ಬಿಲ್. ಉಳಿಸಿಟ್ಟದ್ದಕ್ಕೆ ಬಚಾವ್. ಈ ವಯಸ್ಸಿನಲ್ಲಿ ದುಡ್ಡು ಕರಗಿಸಿ ಅಂತ ಹೇಳಬೇಡಿ.

ಉತ್ತರ:

ನಿಮ್ಮ ಭಯ ಸರಿ ಅಣ್ಣ, ಅದನ್ನು ಬದಿಗಿಟ್ಟು ಲೆಕ್ಕ ಮಾಡಲಾಗದು. ಆದರೆ ಭಯಕ್ಕೆ ಒಂದು ಮೊತ್ತ ಬರೆಯಬೇಕು. ಬರೆಯದಿದ್ದರೆ 62 ಲಕ್ಷವೂ ಸಾಲದು, ಎರಡು ಕೋಟಿಯೂ ಸಾಲದು.

ಡೊಂಬಿವಲಿಯ ಸರ್ ಲೆಕ್ಕದಲ್ಲಿ 15 ಲಕ್ಷ ಆಸ್ಪತ್ರೆಗೆ ಅಂತಲೇ ಬೇರೆ ಎಫ್‌ಡಿ ಮಾಡೋಣ. ರಸೀದಿಯ ಮೇಲೆ ಪೆನ್ಸಿಲ್‌ನಲ್ಲಿ "ಆಸ್ಪತ್ರೆ" ಅಂತ ಬರೆದಿಡಿ, ನಗಬೇಡಿ, ಇದು ಕೆಲಸ ಮಾಡುತ್ತದೆ. ಬ್ಯಾಂಕ್ ನಿವೃತ್ತರ ಗುಂಪು ವಿಮೆ ಇದ್ದರೆ ಎಷ್ಟೇ ಪ್ರೀಮಿಯಂ ಏರಿದರೂ ಬಿಡಬೇಡಿ. ಇನ್ನೆರಡು ವರ್ಷಕ್ಕೆ ಸರ್‌ಗೆ 70 ಆಗುತ್ತದೆ. 70 ದಾಟಿದವರಿಗೆ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ 2024ರ ಅಕ್ಟೋಬರ್‌ನಿಂದ ಇದೆ. ಆದಾಯ ಎಷ್ಟಿದ್ದರೂ ಸಿಗುತ್ತದೆ. ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

62ರಲ್ಲಿ 30 ಬಡ್ಡಿಗೆ, 15 ಆಸ್ಪತ್ರೆಗೆ. ಉಳಿದ 17 ಲಕ್ಷ ಕ್ಯುಮ್ಯುಲೇಟಿವ್ ಆಗಿಯೇ ಬೆಳೆಯಲಿ. ಪಿಪಿಎಫ್ ಕೂಡ ಹಾಗೇ. ದುಡ್ಡು ಬೆಳೆಯುವುದನ್ನು ನೋಡುವುದೂ ಸರ್‌ಗೆ ಒಂದು ಸುಖ, ಅದನ್ನು ಕಿತ್ತುಕೊಳ್ಳುವುದು ಬೇಡ. ನೋಡಿ ಅಣ್ಣ, ಇದರಲ್ಲಿ ಅಸಲು ಒಂದು ರೂಪಾಯಿಯೂ ಕರಗಿಲ್ಲ.

ಡೊಂಬಿವಲಿಯಿಂದ:

ಮೇಡಂ, ಉಪಕಾರವಾಯಿತು. ಎರಡು ಸಂಶಯ. ನಡುವೆ ಆ 30 ಲಕ್ಷ ಬೇಕಾದರೆ? ಇನ್ನೊಂದು, ತೆರಿಗೆ?

ಉತ್ತರ:

ಬ್ಯಾಂಕಿನವರಲ್ಲವಾ, ಅದನ್ನೇ ಕೇಳುತ್ತೀರಿ ಅಂದುಕೊಂಡಿದ್ದೆ! ನಡುವೆ ತೆಗೆಯಬಹುದು. ಒಂದು ವರ್ಷದೊಳಗೆ ತೆಗೆದರೆ ಕೊಟ್ಟ ಬಡ್ಡಿ ವಾಪಸ್ ಹಿಡಿಯುತ್ತಾರೆ. ಒಂದರಿಂದ ಎರಡು ವರ್ಷದಲ್ಲಿ ಅಸಲಿನ ಒಂದೂವರೆ ಪರ್ಸೆಂಟ್, ಎರಡರ ನಂತರ ಒಂದು ಪರ್ಸೆಂಟ್ ಕಡಿತ.

ತೆರಿಗೆ ವಿಷಯದಲ್ಲಿ ನಿಮ್ಮನ್ನು ಸ್ವಲ್ಪ ಕೆಣಕುತ್ತೇನೆ. ಕ್ಯುಮ್ಯುಲೇಟಿವ್ ಎಫ್‌ಡಿಯ ಬಡ್ಡಿ ಕೈಗೆ ಬರದಿದ್ದರೂ ವರ್ಷ ವರ್ಷವೂ ಆದಾಯಕ್ಕೆ ಸೇರುತ್ತದೆ, ಬ್ಯಾಂಕ್ ಟಿಡಿಎಸ್ ಅಂತ ತೆರಿಗೆಯನ್ನು ಮೊದಲೇ ಹಿಡಿಯುತ್ತದೆ. ಎಂಟು ವರ್ಷದಿಂದ ನೀವು ತಿನ್ನದ ಊಟಕ್ಕೆ ಬಿಲ್ ಬರುತ್ತಿದೆ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರ ಲೆಕ್ಕಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಪೆನ್ಷನ್ ವರ್ಷಕ್ಕೆ 3.72 ಲಕ್ಷ, ಬಡ್ಡಿ ಸೇರಿಸಿದರೂ ನೀವು ಅದರ ಒಳಗೇ ಇದ್ದೀರಿ. ಹೆಂಡತಿಯ ಖಾತೆಗೆ ಹೋದರೂ ಆ ಬಡ್ಡಿ ನಿಮ್ಮ ಆದಾಯವೇ, ರಿಟರ್ನ್‌ನಲ್ಲಿ ನಿಮ್ಮ ಹೆಸರಲ್ಲೇ ತೋರಿಸಿ.

ಈಗ ಖರ್ಚಿನ ಅಭ್ಯಾಸ. ವಿದೇಶ ಪ್ರವಾಸದಿಂದ ಶುರು ಮಾಡಬೇಡಿ. ನನ್ನ ಒಬ್ಬ ಕಕ್ಷಿದಾರರು ಮಕ್ಕಳ ಒತ್ತಾಯಕ್ಕೆ ಸಿಂಗಾಪುರಕ್ಕೆ ಹೋಗಿ ಐದು ದಿನವೂ ಇಡ್ಲಿಯ ಬೆಲೆಯನ್ನು ರೂಪಾಯಿಗೆ ಗುಣಿಸುತ್ತಾ ಕಳೆದರು. ನೋವು ಕಡಿಮೆ ಮಾಡುವ ಖರ್ಚು ಮೊದಲು. ರಿಕ್ಷಾ, ಮನೆಗೆಲಸಕ್ಕೆ ಜನ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ. ಇದಕ್ಕೆ ಮನಸ್ಸು ಅಷ್ಟು ಜಗಳ ಆಡುವುದಿಲ್ಲ.

ಮತ್ತೆ, ಸಾಧ್ಯವಾದಷ್ಟು ಮುಂಗಡ ಕಟ್ಟಿಬಿಡಿ. ರೈಲಿನ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ನಿಮ್ಮ ಊರಿನ ಕಡೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ಎರಡು ಎಸಿ ಟೂ ಟಯರ್ ಟಿಕೆಟ್ ಮಾಡಿಸಿ, ಥಾಣೆ ಸ್ಟೇಷನ್‌ನಲ್ಲೇ ಹತ್ತಬಹುದು. ರದ್ದು ಮಾಡಿದರೆ ದುಡ್ಡು ಕಡಿಯುತ್ತಾರೆ, ಹಾಗಾಗಿ ನೀವು ರದ್ದು ಮಾಡುವುದಿಲ್ಲ. ರಿಕ್ಷಾಕ್ಕೂ ಇದೇ. ತಿಂಗಳ ಮೊದಲ ದಿನ ಒಂದು ಕವರ್‌ನಲ್ಲಿ ಸಾವಿರ ರೂಪಾಯಿ ಹಾಕಿ ಮೇಲೆ "ಮಂಡಿ" ಅಂತ ಬರೆಯಿರಿ. ತಿಂಗಳ ಕೊನೆಗೆ ಉಳಿದದ್ದನ್ನು ವಾಪಸ್ ಬ್ಯಾಂಕಿಗೆ ಹಾಕುವ ಹಾಗಿಲ್ಲ, ಅತ್ತಿಗೆಯವರಿಗೆ ಕೊಡಬೇಕು.

ವಾಸ್ಕೋದಿಂದ ಒಬ್ಬರು:

ನಮ್ಮ ಅಪ್ಪನೂ ಹೀಗೇ ಇದ್ದರು. ಹೋದ ಮೇಲೆ ಏಳು ಎಫ್‌ಡಿ ಸಿಕ್ಕಿದವು, ನಾಲ್ಕಕ್ಕೆ ನಾಮಿನಿ ಇರಲಿಲ್ಲ. ಅಮ್ಮನನ್ನು ಕರೆದುಕೊಂಡು ಒಂದೂವರೆ ವರ್ಷ ಅಲೆದೆ. ಅಂಕಲ್, ಇವತ್ತೇ ರಸೀದಿ ತೆಗೆದು ನೋಡಿ.

ಉತ್ತರ:

ಒಳ್ಳೆಯ ಮಾತು ತಂಗಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಇದ್ದರೆ ಅದನ್ನೂ ನೋಡಿ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಒಂದು ಬ್ಯಾಂಕಿಗೆ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷ ಮಾತ್ರ.

ಡೊಂಬಿವಲಿಯಿಂದ (ಇದು ಸರ್ ಫೋನು, ಬರೆಯುತ್ತಿರುವುದು ಅವರ ಹೆಂಡತಿ):

ಎಲ್ಲಾ ಓದಿದೆ ಮೇಡಂ. ಆ ರಾತ್ರಿ ನಾನು ಬೈಯದೆ ಇದ್ದದ್ದು ಕೋಪ ಇಲ್ಲ ಅಂತಲ್ಲ, ಸುಸ್ತಾಗಿತ್ತು. ಇವರು ನನಗೆ ಏನೂ ಕಡಿಮೆ ಮಾಡಿಲ್ಲ. ಮಗಳ ಮದುವೆಗೆ ಕೈ ಬಿಚ್ಚಿ ಖರ್ಚು ಮಾಡಿದರು. ತಮಗೆ ಮತ್ತು ನನಗೆ ಅಂದಾಗ ಮಾತ್ರ ಕೈ ಕಟ್ಟಿಕೊಳ್ಳುತ್ತದೆ. ನಾವಿಬ್ಬರೂ ಒಂದೇ ಅಂದುಕೊಂಡಿದ್ದಾರೆ, ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ.

ನನಗೆ ಬೇಕಾದ್ದು ಎರಡೇ. ಚಪಾತಿ ಮಾಡಲು ಒಬ್ಬಳು ಬಾಯಿ, ಅಂದರೆ ಕೆಲಸದಾಕೆ, ಬರಲಿ, ನಿಂತು ಲಟ್ಟಿಸಲು ಆಗುವುದಿಲ್ಲ. ಮತ್ತೆ ಹಾಪೂಸ್. ನಲವತ್ತು ವರ್ಷದಿಂದ ನಮ್ಮ ಮನೆಗೆ ಮಾವಿನ ಪೆಟ್ಟಿಗೆ ಬರುವುದು ಮೇ ಕೊನೆಗೆ, ಬೆಲೆ ಇಳಿದ ಮೇಲೆ. ಅರ್ಧ ಹಣ್ಣು ಕೊಳೆತಿರುತ್ತದೆ. ಒಂದು ವರ್ಷ ಏಪ್ರಿಲ್‌ನಲ್ಲಿ ತಿನ್ನಬೇಕು.

ಉತ್ತರ:

ಅಕ್ಕ, ಬಾಯಿ ನಾಳೆಯಿಂದಲೇ ಬರಲಿ, ಅದಕ್ಕೆ ಬಡ್ಡಿಯನ್ನೂ ಕಾಯಬೇಕಿಲ್ಲ. ಪೆನ್ಷನ್‌ನಲ್ಲಿ ತಿಂಗಳಿಗೆ ನಾಲ್ಕು ಸಾವಿರ ಉಳಿಯುತ್ತಿದೆ ಅಂತ ಸರ್ ತಾವೇ ಲೆಕ್ಕ ಕೊಟ್ಟಿದ್ದಾರೆ.

ಡೊಂಬಿವಲಿಯಿಂದ (ಐದು ವಾರದ ನಂತರ):

ಮೇಡಂ, ವರದಿ. ಒಂದು ಎಫ್‌ಡಿ ಮುಗಿಯಿತು, 14 ಲಕ್ಷ ಹಿರಿಯರ ಯೋಜನೆಗೆ ಹೋಯಿತು. ಎಲ್ಲಾ ರಸೀದಿಗೆ ನಾಮಿನಿ ನೋಡಿದೆ. ಒಂದರಲ್ಲಿ ಇನ್ನೂ ನನ್ನ ತಾಯಿಯ ಹೆಸರಿತ್ತು, ಅವರು ಹೋಗಿ ಹದಿನಾರು ವರ್ಷವಾಯಿತು. ಬ್ಯಾಂಕಿನವನಾಗಿ ನಾಚಿಕೆಯಾಯಿತು.

ಬಾಯಿ ಬರುತ್ತಿದ್ದಾಳೆ. ಮೊದಲ ವಾರ ಅವಳು ಎಷ್ಟು ಎಣ್ಣೆ ಹಾಕುತ್ತಾಳೆ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವಳು ಹೊರಗೆ ಕಳಿಸಿದಳು. "ಮಂಡಿ" ಕವರ್‌ನಲ್ಲಿ ಮೊದಲ ತಿಂಗಳು 640 ಉಳಿಯಿತು, ಒಪ್ಪಂದದ ಪ್ರಕಾರ ಕೊಟ್ಟೆ. ಕೊಡುವಾಗ ಎರಡು ಸಲ ಎಣಿಸಿದೆ.

ಮತ್ಸ್ಯಗಂಧದಲ್ಲಿ ಎಸಿ ಟೂ ಟಯರ್ ಬುಕ್ ಆಗಿದೆ, ಇಬ್ಬರಿಗೂ ಕೆಳಗಿನ ಬರ್ತ್. ಬುತ್ತಿ ಮಾತ್ರ ಮನೆಯಿಂದಲೇ. ಇದನ್ನು ಜಿಪುಣತನದ ಲೆಕ್ಕಕ್ಕೆ ಹಾಕಬೇಡಿ, ಇವಳ ಚಿತ್ರಾನ್ನ ಇಲ್ಲದೆ ನನಗೆ ಪನ್ವೇಲ್ ದಾಟಿದ ಹಾಗೆ ಅನ್ನಿಸುವುದಿಲ್ಲ.