ಫ್ಯಾಷನ್ ಚಿತ್ರದಲ್ಲಿ ಕತೆ ಎಷ್ಟಿರಬೇಕು?

ಪ್ರಶ್ನೆ

ಚಳಿಗಾಲದ ಮೇಲಂಗಿಗಳನ್ನು ಕುರಿತ ಎಂಟು ಪುಟಗಳ ಚಿತ್ರಸರಣಿಯೊಂದನ್ನು ಈಚೆಗೆ ಮುಗಿಸಿದೆ. ಪತ್ರವೊಂದನ್ನು ಓದಿದೊಡನೆ ಮನೆ ಬಿಟ್ಟು ಹೊರಡುವ ಹೆಣ್ಣಿನ ಕತೆಯನ್ನು ಹೆಣೆದು, ಪತ್ರ, ಸೂಟ್‌ಕೇಸು, ಖಾಲಿ ರೈಲುಬೋಗಿ ಎಲ್ಲವನ್ನೂ ಹೊಂದಿಸಿಕೊಂಡಿದ್ದೆ. ಚಿತ್ರಗಳನ್ನು ನೋಡಿದ ಸಂಪಾದಕರು, ಪತ್ರದಲ್ಲಿ ಏನಿದೆಯೆಂದು ಕುತೂಹಲವಾಗುತ್ತದೆ, ಆದರೆ ಆಕೆ ತೊಟ್ಟದ್ದೇನೆಂಬುದು ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ ಎಂದರು. ಮಾತು ನಾಟಿತು. ಉಡುಪನ್ನು ತೋರಿಸುವುದೇ ಉದ್ದೇಶವಾಗಿದ್ದರೆ ರೂಪದರ್ಶಿಯನ್ನು ಪರದೆಯ ಮುಂದೆ ನಿಲ್ಲಿಸಿದರೆ ಸಾಲದೆ? ಕತೆಗೆ ಇಲ್ಲಿ ಏನು ಕೆಲಸ?

ಉತ್ತರ 1

ತಾವು ಕತೆಯನ್ನು ಮೊದಲು ಬರೆದು, ಆಮೇಲೆ ಅದಕ್ಕೆ ಮೇಲಂಗಿ ತೊಡಿಸಿದ್ದೀರಿ ಎಂದು ನನಗೆ ತೋರುತ್ತದೆ. 1933ರಲ್ಲಿ ಮಾರ್ಟಿನ್ ಮುಂಕಾಚಿ ಎಂಬ ಹಂಗೇರಿಯ ಛಾಯಾಗ್ರಾಹಕ, ಕ್ರೀಡೆಯ ಚಿತ್ರಗಳನ್ನು ತೆಗೆದು ಪಳಗಿದ್ದವನು, ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ಈಜುಡುಪಿನ ರೂಪದರ್ಶಿಯನ್ನು ಕಡಲತೀರದಲ್ಲಿ ಓಡಿಸಿದ. ಸ್ಟುಡಿಯೊದೊಳಗೆ ಅಲುಗದೆ ನಿಲ್ಲುವುದೇ ವಾಡಿಕೆಯಾಗಿದ್ದ ಕಾಲವದು. ಆ ಚಿತ್ರದಲ್ಲಿ ಪತ್ರವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಆಕೆಯ ಹೆಗಲ ಮೇಲಿನ ಹೊದಿಕೆ ಹಿಂದಕ್ಕೆ ಹಾರುತ್ತಿದೆ, ಅಷ್ಟೆ. ಎಲ್ಲಿಗೆ ಓಡುತ್ತಿದ್ದಾಳೆ ಎಂದು ನಾವು ಕೇಳಿಕೊಳ್ಳುವ ಹೊತ್ತಿಗೆ ಆ ಬಟ್ಟೆ ಎಷ್ಟು ಹಗುರವೆಂಬುದೂ ಕಣ್ಣಿಗೆ ಗೊತ್ತಾಗಿರುತ್ತದೆ.

ಸೆಸಿಲ್ ಬೀಟನ್ 1941ರಲ್ಲಿ ತೆಗೆದ ಚಿತ್ರ ಇನ್ನೂ ಒಳ್ಳೆಯ ಉದಾಹರಣೆ. ಬಾಂಬು ಬಿದ್ದು ಹಾಳಾದ ಲಂಡನ್ನಿನ ಕಟ್ಟಡವೊಂದರ ಅವಶೇಷಗಳ ಎದುರು ಅಚ್ಚುಕಟ್ಟಾದ ಸೂಟು ತೊಟ್ಟ ಹೆಣ್ಣೊಬ್ಬಳು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ಮುಖ ಕಾಣದಿರುವುದರಿಂದ ಆಕೆಯ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲು ನಮಗೆ ಉಳಿಯುವುದು ಆ ಭುಜದ ಕಟ್ಟು, ಆ ನಡುವಿನ ಹೊಲಿಗೆ ಮಾತ್ರ. ಸುತ್ತಲೂ ಕುಸಿದುಬಿದ್ದ ಗೋಡೆಗಳ ನಡುವೆ ಕುಸಿಯದೆ ನಿಂತದ್ದು ಆ ಉಡುಪು. ಕತೆಯನ್ನು ಹೇಳುತ್ತಿರುವುದೇ ಅದಾದ್ದರಿಂದ ಅದನ್ನು ಮರೆಯುವ ಪ್ರಶ್ನೆಯೇ ಏಳುವುದಿಲ್ಲ. ತಮ್ಮ ಸರಣಿಯಲ್ಲಿ ಆ ಹೊಣೆಯನ್ನು ಪತ್ರಕ್ಕೆ ವಹಿಸಿಬಿಟ್ಟಿದ್ದೀರಿ.

ಉತ್ತರ 2

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎಲ್ಲ ಒಳ್ಳೆಯ ಫ್ಯಾಷನ್ ಚಿತ್ರಗಳಲ್ಲೂ ಕತೆಯನ್ನು ಹುಡುಕುವುದು ನಮಗೊಂದು ಚಟವಾಗಿಬಿಟ್ಟಿದೆ. ರಿಚರ್ಡ್ ಅವೆಡನ್ 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸೊಂದರಲ್ಲಿ, ಡಿಯೋರ್ ಸಂಸ್ಥೆಯ ಕಪ್ಪು ಗೌನು ತೊಟ್ಟ ಡೋವಿಮಾ ಎಂಬ ರೂಪದರ್ಶಿಯನ್ನು ಆನೆಗಳ ನಡುವೆ ನಿಲ್ಲಿಸಿದಾಗ ಅದಕ್ಕೆ ಹಿಂದುಮುಂದಿನ ಕತೆಯೇನೂ ಇರಲಿಲ್ಲ. ಸುಕ್ಕುಗಟ್ಟಿದ ಒರಟು ಚರ್ಮದ ಪಕ್ಕದಲ್ಲಿ ಇಳಿಬಿದ್ದ ಬಿಳಿಯ ರೇಷ್ಮೆಪಟ್ಟಿ, ಆ ಎರಡರ ವೈದೃಶ್ಯ, ಇಷ್ಟೇ ಸಾಕಾಯಿತು. ಅದೇ ಅವೆಡನ್ 1962ರಲ್ಲಿ, ಪತ್ರಿಕಾ ಛಾಯಾಗ್ರಾಹಕರು ಬೆನ್ನುಹತ್ತಿದ ತಾರಾಜೋಡಿಯೊಂದರ ಅಣಕದಂತೆ ಒಂದು ಸರಣಿಯನ್ನೇ ಮಾಡಿದ. ಅಲ್ಲಿ ಕಣ್ಣು ಕುಕ್ಕುವ ಫ್ಲ್ಯಾಷು, ಅವಸರದಲ್ಲಿ ತೆಗೆದಂತಿರುವ ಚೌಕಟ್ಟು, ಇವೇ ಅರ್ಧ ಕತೆ ಹೇಳುತ್ತವೆ. ಆದ್ದರಿಂದ ಎಂಟೂ ಪುಟಗಳಲ್ಲಿ ಕತೆ ಮುಂದುವರಿಯಲೇಬೇಕೆಂಬ ಹಟ ಬೇಡ. ಎರಡು ಪುಟಗಳಲ್ಲಿ ಆಕೆ ಸುಮ್ಮನೆ ನಿಲ್ಲಲಿ. (ಸೂಟ್‌ಕೇಸು ಖಾಲಿಯಿತ್ತೆ? ಖಾಲಿ ಪೆಟ್ಟಿಗೆ ಹಿಡಿದ ತೋಳು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ, ತೋಳಿನ ನೆರಿಗೆಯೂ ಸುಳ್ಳು ಹೇಳುತ್ತದೆ.)

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪೆಟ್ಟಿಗೆ ಖಾಲಿಯೇ ಇತ್ತು. ನಿನ್ನೆ ರಾತ್ರಿ ಕೈಬಿಟ್ಟಿದ್ದ ಚಿತ್ರಗಳನ್ನೆಲ್ಲ ಮತ್ತೆ ತೆರೆದು ನೋಡಿದೆ. ಒಂದರಲ್ಲಿ ರೂಪದರ್ಶಿ, ನಾನು ಬೆಳಕು ಸರಿಪಡಿಸುತ್ತಿದ್ದ ಬಿಡುವಿನಲ್ಲಿ, ಪತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಗಳಿಂದ ಮೇಲಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಳೆ. ಅವಸರದಲ್ಲಿ ಒಂದು ಗುಂಡಿ ತಪ್ಪಿ ಕಾಲರು ಓರೆಯಾಗಿದೆ. ಅದೇ ಕಾರಣಕ್ಕೆ ಅದನ್ನು ತೆಗೆದುಹಾಕಿದ್ದೆ. ಸಂಪಾದಕರಿಗೆ ಈಗ ಅದೊಂದನ್ನೇ ಕಳುಹಿಸಿದ್ದೇನೆ.