‘ಶುದ್ಧೀಕರಣ’ ಯಾವ ಹಂತಕ್ಕೆ? ತಳದ ದ್ರವಕ್ಕೆ ಏನು ಹೆಸರು?

ಹೊಂಗೆ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸುವ ಸಣ್ಣ ಘಟಕಗಳ ಕೆಲಸಗಾರರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಎಣ್ಣೆಯನ್ನು ‘ಶುದ್ಧೀಕರಿಸಿ’ ಡೀಸೆಲ್ ಮಾಡುತ್ತಾರೆ ಎಂಬಂಥ ವಾಕ್ಯಗಳು ಕನ್ನಡದಲ್ಲಿ ಬಳಕೆಯಲ್ಲಿವೆ. ನನ್ನ ತಕರಾರು ಇರುವುದೇ ಅಲ್ಲಿ.

ಗಾಣದ ಎಣ್ಣೆಯನ್ನು ಎಷ್ಟು ಸೋಸಿದರೂ ಅದು ಎಣ್ಣೆಯೇ. ಮೆಥನಾಲ್ ಎಂಬ ಆಲ್ಕೋಹಾಲ್‌ನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ, ಎಣ್ಣೆಗೆ ಬೆರೆಸಿ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಲಕಿದಾಗ ಗ್ಲಿಸರಿನ್ ಕಳಚಿಕೊಂಡು ಆ ಜಾಗಕ್ಕೆ ಮೆಥನಾಲ್ ಬಂದು ಸೇರುತ್ತದೆ. ಹಾಗೆ ಆದದ್ದೇ ಜೈವಿಕ ಡೀಸೆಲ್. ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿದ್ದರೆ ಅದಕ್ಕೂ ಮೊದಲು ಗಂಧಕಾಮ್ಲ ಹಾಕಿ ಒಂದು ಸುತ್ತು ಮುಗಿಸಬೇಕು. ಹಾಗೆ ಮಾಡದಿದ್ದರೆ ಪಾತ್ರೆಯ ತುಂಬ ಸಾಬೂನು! ಇಲ್ಲಿ ವಸ್ತುವೇ ಬದಲಾಗುತ್ತದೆ, ಆದ್ದರಿಂದ ಇದು ಶುದ್ಧೀಕರಣವಲ್ಲ. ಕೊಬ್ಬಿನಾಮ್ಲವೂ ಆಲ್ಕೋಹಾಲೂ ಕೂಡಿ ಆದ ವಸ್ತುವಿಗೆ ಎಸ್ಟರ್ ಎನ್ನುವುದರಿಂದ ‘ಎಸ್ಟರ್ ವಿನಿಮಯ’ ಎಂದು ಬರೆದಿದ್ದೇನೆ.

ಶುದ್ಧೀಕರಣವೆಂಬ ಮಾತು ಒಪ್ಪುವುದು ಮುಂದಿನ ಹಂತಕ್ಕೆ. ಡೀಸೆಲ್‌ನಲ್ಲಿ ಉಳಿದ ಸಾಬೂನು, ಕ್ಷಾರ, ಮೆಥನಾಲ್‌ಗಳನ್ನು ಬೆಚ್ಚಗಿನ ನೀರು ಚಿಮುಕಿಸಿ ತೆಗೆಯುತ್ತಾರೆ. ಜೋರಾಗಿ ಕಲಕಿದರೆ ನೀರೂ ಡೀಸೆಲೂ ಬೆರೆತು ಮಜ್ಜಿಗೆಯಂತಾಗಿ ಬೇಗ ಬೇರೆಯಾಗುವುದಿಲ್ಲ. ಕೊನೆಗೆ ಕಾಯಿಸಿ ನೀರಿನಂಶ ಆರಿಸುತ್ತಾರೆ. ಇದನ್ನು ‘ತೊಳೆಯುವುದು’ ಎಂದು ಬರೆದರೆ ಕರಡು ಓದಿದ ಮಿತ್ರರೊಬ್ಬರು ನಕ್ಕರು. ಬೆಣ್ಣೆಯನ್ನು ತೊಳೆಯುತ್ತೇವೆ, ಆಯುರ್ವೇದದಲ್ಲಿ ನೂರು ಸಲ ತೊಳೆದ ತುಪ್ಪಕ್ಕೆ ಶತಧೌತ ಘೃತವೆಂಬ ಹೆಸರೇ ಇದೆ. ಡೀಸೆಲನ್ನು ತೊಳೆದರೆ ತಪ್ಪೇನು? ಈ ಪದವನ್ನು ನಾನು ಬಿಡುವುದಿಲ್ಲ.

ಸಿಕ್ಕಿಕೊಂಡಿರುವುದು ಬೇರೆಡೆ. ಎಸ್ಟರ್ ವಿನಿಮಯದ ನಂತರ ಗ್ಲಿಸರಿನ್ ಕಂದುಬಣ್ಣದ ಮಂದ ದ್ರವವಾಗಿ ತಳದಲ್ಲಿ ನಿಲ್ಲುತ್ತದೆ. ‘ಮಡ್ಡಿ’ ಎನ್ನೋಣವೆಂದರೆ ಸೋಸುವ ಮುಂಚಿನ ಎಣ್ಣೆಯ ತಳದಲ್ಲಿ ಕೂರುವುದಕ್ಕೂ ಅದೇ ಹೆಸರು. ಆ ಮಡ್ಡಿಯನ್ನು ಕೈಯಿಂದ ಬಳಿದರೂ ನಡೆದೀತು; ಈ ಗ್ಲಿಸರಿನ್ ದ್ರವದಲ್ಲಿ ವಿಷಕಾರಿ ಮೆಥನಾಲ್ ಇರುತ್ತದೆ, ಚರ್ಮ ಸುಡುವ ಕ್ಷಾರವೂ ಇರುತ್ತದೆ. ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಪದ ಬಂದರೆ ಅಪಾಯ. ‘ಗಸಿ’ಯೂ ಹೊಳೆಯಿತು, ಆದರೆ ಕರಾವಳಿಯಲ್ಲಿ ಅದು ಮಂದ ಸಾರಿನ ಹೆಸರು, ಅಲ್ಲಿಯವರು ಅನ್ನ ಬಡಿಸಿಕೊಂಡು ಕೂತಾರು. ‘ಚರಟ’ ಎಂದರೆ ಎಸೆಯುವ ವಸ್ತುವೆಂಬ ಭಾವನೆ ಬರುತ್ತದೆ. ಇದನ್ನಾದರೋ ಸಂಸ್ಕರಿಸಿ ಸಾಬೂನು ತಯಾರಿಕೆಗೆ ಬಳಸಬಹುದು.

ತಳದಲ್ಲಿ ಬೇರೆಯಾಗಿ ನಿಲ್ಲುವ ಮಂದ ದ್ರವಕ್ಕೆ ಗಾಣದ ಇಲ್ಲವೇ ಸಾಬೂನಿನ ಕಸುಬಿನವರಲ್ಲಿ ಪದವಿದ್ದರೆ, ಯಾವ ಊರಿನ ಕಡೆಯ ಬಳಕೆಯೆಂಬುದರ ಜೊತೆಗೆ ತಿಳಿಸಿ. ಅಲ್ಲಿಯವರೆಗೆ ‘ಕಚ್ಚಾ ಗ್ಲಿಸರಿನ್’ ಎಂದೇ ಇಟ್ಟಿರುತ್ತೇನೆ.