ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ 1971ರ ಮೆಡಲ್ ಇಲ್ಲ, ಸರಿ ಮಾಡಿಸೋದು ಹೇಗೆ?

ಸಿಂಧನೂರಿನ ಮಗ

ಎಲ್ಲರಿಗೂ ನಮಸ್ಕಾರ. ಮಾಜಿ ಸೈನಿಕರು, ಅವರ ಮನೆಯವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಅಪ್ಪ 1968ರಲ್ಲಿ ಸೈನ್ಯಕ್ಕೆ ಸೇರಿದರು, 1985ರಲ್ಲಿ ಪಿಂಚಣಿ ಮೇಲೆ ಊರಿಗೆ ಬಂದರು. ಡ್ರೈವರ್ ಆಗಿದ್ದವರು. ಯಾವ ಕೋರ್, ಯಾವ ಯೂನಿಟ್ ಅಂತ ಇಲ್ಲಿ ಬರೆಯಲ್ಲ, ಅವರಿಗೆ ಅದು ಸರಿ ಬರಲ್ಲ. 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ಇವರನ್ನು ಬೇರೆ ಯೂನಿಟ್‌ಗೆ ಅಟ್ಯಾಚ್ ಮಾಡಿದ್ದರಂತೆ, ಅಂದರೆ ತಾತ್ಕಾಲಿಕವಾಗಿ ಅಲ್ಲಿಗೆ ಕಳಿಸಿದ್ದರು. ಸಾಂಬಾದಿಂದ ಶಕರ್‌ಗಢದ ಕಡೆಗೆ ಥ್ರೀ ಟನ್ ಗಾಡಿಯಲ್ಲಿ ಮದ್ದುಗುಂಡು ಸಾಗಿಸೋ ಕೆಲಸ. ರಾತ್ರಿ ಹೊತ್ತು, ಹೆಡ್‌ಲೈಟ್ ಹಾಕುವ ಹಾಗಿಲ್ಲ, ಮುಂದಿನ ಗಾಡಿಯ ಅಡಿಯಲ್ಲಿ ಬಳಿದ ಬಿಳಿ ಬಣ್ಣ ನೋಡಿಕೊಂಡೇ ಓಡಿಸಬೇಕು. ಇಷ್ಟು ಮಾತ್ರ ಹೇಳುತ್ತಾರೆ, ಮುಂದೆ ಕೇಳಿದರೆ ಎದ್ದು ಎಮ್ಮೆ ಹತ್ತಿರ ಹೋಗಿಬಿಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಸೈನ್ಯ ಬಿಟ್ಟು ಬರುವಾಗ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿ ಮೂರೇ ಮೆಡಲ್ ಬರೆದಿದ್ದಾರೆ: ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 9 ವರ್ಷದ ದೀರ್ಘ ಸೇವಾ ಮೆಡಲ್. ಆದರೆ ಟ್ರಂಕ್‌ನಲ್ಲಿ ನಾಲ್ಕು ಇವೆ, ನಾಲ್ಕನೆಯದು 1971ರ ಯುದ್ಧದ ಸಂಗ್ರಾಮ ಮೆಡಲ್. ಆ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಅಂತೂ ಬಂದೇ ಇಲ್ಲ, ಅಪ್ಪನ ಜೊತೆ ಗಾಡಿ ಓಡಿಸಿದವರಿಗೆ ಬಂದಿದೆ.

ಇಷ್ಟು ವರ್ಷ ಅಪ್ಪ ತಲೆ ಕೆಡಿಸಿಕೊಂಡಿರಲಿಲ್ಲ. ಕಳೆದ ಆಗಸ್ಟ್ 15ಕ್ಕೆ ಊರಿನ ಹೈಸ್ಕೂಲಿನಲ್ಲಿ ಸನ್ಮಾನ ಇತ್ತು, ನಾಲ್ಕೂ ಮೆಡಲ್ ಹಾಕಿಕೊಂಡು ಹೋಗಿದ್ದರು. ಯಾರೋ ಬುಕ್ ತಿರುವಿ ನೋಡಿ, ತಮಾಷೆಗೇ ಇರಬೇಕು, "ಕಾಕಾ, ಬುಕ್‌ನಲ್ಲಿ ಇಲ್ಲದ್ದು ಎದಿ ಮ್ಯಾಲೆ ಹೆಂಗ ಬಂತು?" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಮನೆಗೆ ಬಂದು ಅದೊಂದನ್ನ ಬಿಚ್ಚಿ ಟ್ರಂಕ್‌ಗೆ ಹಾಕಿದರು. ಮತ್ತೆ ಹೊರಗೆ ತೆಗೆದಿಲ್ಲ.

ನನ್ನ ಮಗ ನೆಟ್‌ನಲ್ಲಿ ಹುಡುಕಿ ಡಿಡಿ 149 ಅನ್ನೋ ಒಂದು ಫಾರ್ಮ್ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಾನೆ. ಅದನ್ನೇ ತುಂಬಬೇಕಾ? ಎಲ್ಲಿಗೆ ಕಳಿಸಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ಕ್ಲರ್ಕ್, ಕೊಪ್ಪಳ

ಮೊದಲು ಆ ಫಾರ್ಮ್‌ನ ಹಿಂಬದಿಯಲ್ಲಿ ಮಗನಿಗೆ ಲೆಕ್ಕ ಬಿಡಿಸಲು ಹೇಳಿ, ಬಿಳಿ ಹಾಳೆ ಸುಮ್ನೆ ದಂಡ ಆಗೋದು ಬೇಡ. ಡಿಡಿ 149 ಅಮೆರಿಕದ ಸೈನ್ಯದ್ದು. ಅಲ್ಲಿ ಬಿಡುಗಡೆ ಪತ್ರಕ್ಕೆ ಡಿಡಿ 214 ಅನ್ನುತ್ತಾರೆ, ಅದರಲ್ಲಿ ಮೆಡಲ್ ಬಿಟ್ಟುಹೋಗಿದ್ದರೆ ಡಿಡಿ 215 ಅಂತ ತಿದ್ದುಪಡಿ ಹಾಳೆ ಕೊಡುತ್ತಾರೆ. ನಮಗೂ ಅದಕ್ಕೂ ಸಂಬಂಧ ಇಲ್ಲ.

ನಾನು ಸರ್ವಿಸ್‌ನಲ್ಲಿ ಕ್ಲರ್ಕ್ ಆಗಿದ್ದವನು, ಇಂಥ ಕಾಗದ ಬರೆದೇ ಕಣ್ಣು ಹೋಗಿವೆ. ನಿಮ್ಮದು ಒಂದು ಕೇಸ್ ಅಲ್ಲ, ಎರಡು. ಸಂಗ್ರಾಮ ಮೆಡಲ್ ಕೊಟ್ಟಿದ್ದಾರೆ, ಬರೆದಿಲ್ಲ. ಪಶ್ಚಿಮಿ ಸ್ಟಾರ್ ಕೊಡಬೇಕಿತ್ತು, ಕೊಟ್ಟೇ ಇಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಕಲಸಿ ಕಳಿಸಿದರೆ ಆ ಕಡೆ ಕೂತವನು ಕಷ್ಟದ್ದನ್ನು ತೋರಿಸಿ ಸುಲಭದ್ದನ್ನೂ ಪಕ್ಕಕ್ಕಿಡುತ್ತಾನೆ. ಬೇರೆ ಬೇರೆ ಕಾಗದ ಬರೆಯಿರಿ.

ಮೆಡಲ್ ಬರೋ ದಾರಿ ಹೀಗೆ. ಯೂನಿಟ್‌ನವರು ಅರ್ಹರ ಪಟ್ಟಿ ಮಾಡಿ ಕಳಿಸುತ್ತಾರೆ, ಅದು ಪಾರ್ಟ್ 2 ಆರ್ಡರ್ ಅನ್ನೋ ಲಿಖಿತ ಆದೇಶದಲ್ಲಿ ಹೊರಡುತ್ತದೆ, ಆ ಆರ್ಡರ್ ನೋಡಿ ರೆಕಾರ್ಡ್ಸ್ ಕಚೇರಿಯವರು ಶೀಟ್ ರೋಲ್‌ನಲ್ಲಿ, ಅಂದರೆ ಸೈನಿಕನ ಮೂಲ ಸೇವಾ ದಾಖಲೆಯಲ್ಲಿ, ಬರೆಯುತ್ತಾರೆ. ಪಿಂಚಣಿಗೆ ಬರುವಾಗ ಶೀಟ್ ರೋಲ್ ನೋಡಿಯೇ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಅಂದರೆ ಬುಕ್ ಅನ್ನೋದು ನಕಲು, ಮೂಲ ಅಲ್ಲ. ನಕಲು ತಿದ್ದಿಸೋಕೆ ಓಡಾಡಬೇಡಿ, ಮೂಲದಲ್ಲಿ ಏನಿದೆ ನೋಡಿ. ಅಟ್ಯಾಚ್ ಆಗಿದ್ದವರದು ಯಾವಾಗಲೂ ಇದೇ ಗೋಳು. ತಮ್ಮ ಯೂನಿಟ್‌ನವರು "ಅವನು ಇಲ್ಲಿರಲಿಲ್ಲ" ಅನ್ನುತ್ತಾರೆ, ಆ ಯೂನಿಟ್‌ನವರು "ಅವನು ನಮ್ಮವನಲ್ಲ" ಅನ್ನುತ್ತಾರೆ. ಮದುವೆಗೆ ಹೋದ ಬೀಗರ ಕಡೆಯ ಹುಡುಗನ ಹಾಗೆ, ಯಾವ ಪಂಕ್ತಿಯವರೂ ಎಲೆ ಹಾಕಲ್ಲ.

ಒಂದು ಕೆಲಸ ಮಾಡಿ. ಸಂಗ್ರಾಮ ಮೆಡಲ್ ತೆಗೆದು ಅಂಚನ್ನು ಬಿಸಿಲಿಗೆ ಹಿಡಿದು ನೋಡಿ, ಮುಖ ಅಲ್ಲ, ಅಂಚು. ಅಲ್ಲಿ ನಂಬರ್, ರ್ಯಾಂಕ್, ಹೆಸರು ಕೊರೆದಿರುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡು ಬನ್ನಿ. ಬ್ರಾಸೋ ಹಾಕಿ ತಿಕ್ಕಬೇಡಿ ಮಾರಾಯ್ರೇ, ಅಕ್ಷರ ಸವೆಯುತ್ತದೆ.

ಕೋಟೆ ಕೆಳಗಿನವ, ಬಳ್ಳಾರಿ

ಇದರಿಂದ ದುಡ್ಡು ಏನಾದರೂ ಬರುತ್ತಾ? ಬರಲ್ಲ ಅಂದ್ರೆ ಈ ವಯಸ್ಸಿನಲ್ಲಿ ಯಜಮಾನರಿಗೆ ಯಾಕೆ ತೊಂದರೆ?

ಹಳೇ ಕ್ಲರ್ಕ್, ಕೊಪ್ಪಳ

ಬರಲ್ಲ. ವೀರ ಚಕ್ರ, ಶೌರ್ಯಕ್ಕೆ ಕೊಡುವ ಸೇನಾ ಮೆಡಲ್ ಇಂಥವಕ್ಕೆ ತಿಂಗಳ ಭತ್ಯೆ ಇದೆ, ಅವು ಭಾರತದ ಗೆಜೆಟ್‌ನಲ್ಲಿ ಹೆಸರಿನ ಸಮೇತ ಬರುತ್ತವೆ. ಇವರದು ಸೇವಾ ಮೆಡಲ್, ಯುದ್ಧದಲ್ಲಿ ಅಲ್ಲಿದ್ದೆ ಅನ್ನೋದಕ್ಕೆ ಗುರುತು, ಅಷ್ಟೇ. ಸಿಂಧನೂರಿನವರು ಬರೆದದ್ದು ಪೂರ್ತಿ ಓದಿದ್ದರೆ ನೀವು ದುಡ್ಡಿನ ಮಾತು ಎತ್ತುತ್ತಿರಲಿಲ್ಲ ಬಿಡಿ.

ತುಂಗಭದ್ರೆ ದಂಡೆ

ನಾನು ಗಂಗಾವತಿಯವಳು. ನಮ್ಮ ಮಾವನವರ ಕಾಗದಕ್ಕೆ ಎರಡು ವರ್ಷ ಓಡಾಡಿದ ಅನುಭವ ಇದೆ, ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ಆರ್‌ಟಿಐ ಹಾಕಿದಾಗ "ನಮ್ಮ ಮಾವನಿಗೆ ಮೆಡಲ್ ಯಾಕೆ ಕೊಟ್ಟಿಲ್ಲ, ಯಾರು ಹೊಣೆ" ಅಂತ ಎರಡು ಪುಟ ಸಿಟ್ಟಿನಲ್ಲಿ ಬರೆದೆ. ಅದಕ್ಕೆ ಬಂದ ಉತ್ತರ ಎರಡೇ ಸಾಲು, "ಕೇಳಿದ್ದು ಮಾಹಿತಿ ಅಲ್ಲ." ಅದೂ ಸರಿಯೇ. ಆರ್‌ಟಿಐನಲ್ಲಿ ಅವರ ಹತ್ತಿರ ಇರುವ ಕಾಗದ ಕೇಳಬಹುದು, ಕಾರಣ ಕೇಳೋಕೆ ಆಗಲ್ಲ. ಇನ್ನೊಂದು ತಪ್ಪು, ಅರ್ಜಿ ನನ್ನ ಹೆಸರಿನಲ್ಲಿತ್ತು. ಸೊಸೆ ಕೇಳಿದರೆ "ಬೇರೆಯವರ ಖಾಸಗಿ ಮಾಹಿತಿ" ಅಂತ ಮುಚ್ಚಿಬಿಡುತ್ತಾರೆ. ಎರಡನೇ ಸಲ ಮಾವನವರೇ ಸಹಿ ಹಾಕಿದರು, ಮೂರೇ ಸಾಲು ಕೇಳಿದೆವು: ನನ್ನ ಶೀಟ್ ರೋಲ್‌ನ ನಕಲು ಕೊಡಿ, ನನ್ನ ಮೆಡಲ್‌ಗಳ ಪಾರ್ಟ್ 2 ಆರ್ಡರ್‌ಗಳ ನಕಲು ಕೊಡಿ, ಅಟ್ಯಾಚ್‌ಮೆಂಟ್ ನಮೂದಿನ ನಕಲು ಕೊಡಿ. ಜೊತೆಗೆ 10 ರೂಪಾಯಿ ಪೋಸ್ಟಲ್ ಆರ್ಡರ್. 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೆ ಫೀಸ್ ಇಲ್ಲ. ನಮಗೆ 26ನೇ ದಿನಕ್ಕೆ ಲಕೋಟೆ ಬಂತು. ನಲವತ್ತು ವರ್ಷದ ಹಿಂದೆ ಯಾರೋ ಹಸಿರು ಶಾಯಿಯಲ್ಲಿ ಬರೆದದ್ದು, ಜೆರಾಕ್ಸ್‌ನಲ್ಲಿ ಮಸುಕಾಗಿತ್ತು. ಮಾವ ಅದನ್ನು ಕನ್ನಡಕ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಓದಿದರು.

ನಿಮ್ಮ ತಂದೆ ಪಿಂಚಣಿದಾರರು, ಅದು ಒಳ್ಳೆಯದಾಯಿತು. ಪಿಂಚಣಿ ಇಲ್ಲದೆ ಬಿಟ್ಟು ಬಂದವರ ಸರ್ವಿಸ್ ಕಾಗದ 25 ವರ್ಷ ಆದ ಮೇಲೆ ನಾಶ ಮಾಡುತ್ತಾರೆ, ಲಾಂಗ್ ರೋಲ್ ಅನ್ನೋ ಹೆಸರಿನ ರಿಜಿಸ್ಟರ್ ಒಂದೇ ಉಳಿಯೋದು.

ಸಿಂಧನೂರಿನ ಮಗ

ನೋಡಿದೆ ಸರ್! ಅಪ್ಪ ತಾವೇ ಟ್ರಂಕ್ ತೆಗೆದು ಕೊಟ್ಟರು, ಅದೇ ದೊಡ್ಡ ವಿಷಯ. ಅಂಗಳದಲ್ಲಿ ಕೂತು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆವು. ನಂಬರ್ ಅಪ್ಪನದೇ, ಒಂದಂಕಿಯೂ ತಪ್ಪಿಲ್ಲ. ಆದರೆ ಹೆಸರಿನ ಕೊನೆಯ "ಪ್ಪ" ಇಲ್ಲ! ಅರ್ಧ ಹೆಸರು ಮಾತ್ರ ಕೊರೆದಿದ್ದಾರೆ. ಬುಕ್‌ನಲ್ಲಿ, ಪಿಪಿಒದಲ್ಲಿ (ಪಿಂಚಣಿ ಆದೇಶದಲ್ಲಿ), ಆಧಾರ್‌ನಲ್ಲಿ ಪೂರ್ತಿ ಹೆಸರಿದೆ. "ಅಲ್ಲಿ ಎಲ್ಲರೂ ಹಂಗೇ ಕರೀತಿದ್ರು" ಅಂತ ಅಪ್ಪ ನಕ್ಕರು. ಈಗ ಹೆಸರು ತಿದ್ದಿಸೋ ಕೇಸ್ ಬೇರೆ ಹಾಕಬೇಕಾ?

ಹಳೇ ಕ್ಲರ್ಕ್, ಕೊಪ್ಪಳ

ಸಿಕ್ಕಿತು ನೋಡಿ ಗಂಟು. ಅಟ್ಯಾಚ್ ಆದ ಯೂನಿಟ್‌ನಲ್ಲಿ ಯಾರೋ ಕಿವಿಗೆ ಕೇಳಿದ ಹಾಗೆ ಹೆಸರು ಬರೆದು ಪಟ್ಟಿ ಕಳಿಸಿದ್ದಾರೆ, ಮೆಡಲ್ ಬಂದಿದೆ, ಹೆಸರು ತಾಳೆ ಆಗದೆ ನಮೂದು ಎಲ್ಲೋ ನಿಂತಿದೆ. ನಮ್ಮ ಕಡೆಯ ಅಪ್ಪ, ಗೌಡ, ಬಸವ ಎಲ್ಲ ಆ ಕ್ಲರ್ಕ್‌ಗಳ ಪೆನ್ನಿಗೆ ಸಿಕ್ಕು ಏನೇನೋ ಆಗಿದ್ದಾರೆ. ನಾನೂ ಬಂಗಾಳಿಗಳ ಹೆಸರು ಎಷ್ಟು ಕೆಡಿಸಿದ್ದೇನೋ ದೇವರಿಗೇ ಗೊತ್ತು.

ಹೆಸರಿನ ಕೇಸ್ ಬೇಡ. ಬುಕ್‌ನಲ್ಲಿ, ಪಿಪಿಒದಲ್ಲಿ ಹೆಸರು ಸರಿ ಇದೆ, ಅದನ್ನು ಮುಟ್ಟಬೇಡಿ. ಸೈನ್ಯದಲ್ಲಿ ಹೆಸರಿಗಿಂತ ನಂಬರ್ ದೊಡ್ಡದು. ಕಾಗದದ ಮೊದಲ ಸಾಲಿನಲ್ಲೇ ನಂಬರ್ ಬರೆಯಿರಿ, ಕೊನೆಯ ಇಂಗ್ಲಿಷ್ ಅಕ್ಷರದ ಸಮೇತ. "ಮೆಡಲ್ ಅಂಚಿನಲ್ಲಿ ಇದೇ ನಂಬರ್ ಇದೆ, ಹೆಸರು ಹೀಗಿದೆ, ಇಬ್ಬರೂ ಒಬ್ಬನೇ, ನಮೂದು ಮಾಡಿ" ಅಂತ ಕೇಳಿ, ಅಂಚಿನ ಫೋಟೋ ಲಗತ್ತಿಸಿ. ಮೂಲ ಮೆಡಲ್ ಯಾರು ಕೇಳಿದರೂ ಅಂಚೆಯಲ್ಲಿ ಕಳಿಸಬೇಡಿ.

ಪಶ್ಚಿಮಿ ಸ್ಟಾರ್‌ಗೆ ಮಾತ್ರ ಅವಸರ ಬೇಡ. ಆರ್‌ಟಿಐನಲ್ಲಿ ಅಟ್ಯಾಚ್‌ಮೆಂಟ್ ನಮೂದು ಬರಲಿ. ಡಿಸೆಂಬರ್ 3ರಿಂದ 17ರವರೆಗೆ ಅಪ್ಪ ಪಶ್ಚಿಮದ ಗಡಿಯಲ್ಲಿ ಇದ್ದರು ಅನ್ನೋದಕ್ಕೆ ಅದೇ ಆಧಾರ. ಜೊತೆಗಿದ್ದ ಗೆಳೆಯರು ಯಾರಾದರೂ ಬದುಕಿದ್ದರೆ ಅವರ ಹೇಳಿಕೆ, ಅವರ ಬುಕ್‌ನ ಮೆಡಲ್ ಪುಟದ ಜೆರಾಕ್ಸ್ ಕೂಡ ಇಡಿ. ಬಜಾರಿನಲ್ಲಿ ಸ್ಟಾರ್ ಸಿಗುತ್ತದೆ, ಕೊಂಡು ಹಾಕಿಕೊಳ್ಳಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ.

ಎಲ್ಲಿಗೆ ಕಳಿಸೋದು ಅಂದರೆ ಅಪ್ಪನ ಕೋರ್‌ನ ರೆಕಾರ್ಡ್ಸ್‌ಗೆ. ಬೇರೆಯವರೂ ಓದುತ್ತಾರಲ್ಲ, ಅದಕ್ಕೆ ಹೇಳುತ್ತೇನೆ: ಎಂಇಜಿಯವರದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟ್‌ನದು ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಆರ್ಟಿಲರಿಯದು ನಾಸಿಕ್ ರೋಡ್ ಕ್ಯಾಂಪ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಗಾಡಿ, ಯಂತ್ರ ರಿಪೇರಿ ಮಾಡುವ ಇಎಂಇಯದು ಸಿಕಂದರಾಬಾದ್‌ನಲ್ಲಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಬುಕ್‌ನಲ್ಲೇ ಇಟ್ಟುಕೊಳ್ಳಿ. ಒಂದು ಪ್ರತಿ ಸೈನಿಕ ಕಲ್ಯಾಣ ಕಚೇರಿಗೂ ಕೊಡಿ, ಅವರ ಮೂಲಕ ಹೋದ ಕಾಗದಕ್ಕೆ ಸ್ವಲ್ಪ ತೂಕ ಜಾಸ್ತಿ. ಆಗಲ್ಲ ಅಂತ ಬರವಣಿಗೆಯಲ್ಲೇ ಹೇಳಿಬಿಟ್ಟರೆ ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕಕ್ಕೆ ಕೊಚ್ಚಿ ಪೀಠ. ನಿಮ್ಮ ಹತ್ತಿರ ನಂಬರ್ ಇರೋ ಮೆಡಲ್ ಇದೆ, ಸಂಗ್ರಾಮಕ್ಕಂತೂ ಅಲ್ಲಿವರೆಗೆ ಹೋಗಲ್ಲ ಅಂತ ನನ್ನ ಲೆಕ್ಕ.

ತುಂಗಭದ್ರೆ ದಂಡೆ

ತಂದೆಯವರ ಸಹಿ ಪಿಂಚಣಿ ಕಾಗದದಲ್ಲಿ ಹೇಗಿದೆಯೋ ಹಾಗೇ ಇರಲಿ. ಮಾವನವರ ಕೈ ನಡುಗಿ ಸಹಿ ತಾಳೆ ಆಗಿಲ್ಲ ಅಂತ ಬ್ಯಾಂಕಿನಲ್ಲಿ ಒಮ್ಮೆ ಕೂರಿಸಿಕೊಂಡಿದ್ದರು.

ಸಿಂಧನೂರಿನ ಮಗ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಆರ್‌ಟಿಐ ಉತ್ತರ ಬಂತು. ಸಂಗ್ರಾಮ ಮೆಡಲ್‌ನ ಪಾರ್ಟ್ 2 ಆರ್ಡರ್ ಸಿಕ್ಕಿದೆ, ಅರ್ಧ ಹೆಸರಿನಲ್ಲೇ ಇದೆ, ಕ್ಲರ್ಕ್ ಸರ್ ಹೇಳಿದ ಹಾಗೇ. ಅಟ್ಯಾಚ್‌ಮೆಂಟ್ ನಮೂದೂ ಇದೆ, ನವೆಂಬರ್‌ನಿಂದ ಫೆಬ್ರವರಿವರೆಗೆ. ನಮೂದು ಮಾಡಿಸೋ ಕಾಗದ ಹೋಗಿದೆ, ಸ್ಟಾರ್‌ನದು ನಾಳೆ ಹೊರಡುತ್ತದೆ. ಜೊತೆಗಾರರೊಬ್ಬರು ಮಾನ್ವಿ ಹತ್ತಿರ ಇದ್ದಾರೆ, ಅಪ್ಪನೇ ಬಸ್ ಹತ್ತಿ ಹೋಗಿ ಹೇಳಿಕೆ ಬರೆಸಿಕೊಂಡು ಬಂದರು, ಬರುವಾಗ ಎಂಟು ಗಂಟೆ ರಾತ್ರಿ ಆಗಿತ್ತು, ಇಬ್ಬರೂ ಏನು ಮಾತಾಡಿದರೋ ಹೇಳಲಿಲ್ಲ.

ಲಕೋಟೆ ಬಂದ ದಿನ ನಾನು ಓದಿ ಹೇಳುತ್ತಿದ್ದೆ. ಅಪ್ಪ ಮಧ್ಯದಲ್ಲೇ ತಡೆದು, "ನಂಬರ್ ಸರಿ ಐತೇನು ನೋಡು" ಅಂದರು.

ಸರಿ ಇದೆ.